ಮೊದಲು ಹೆಗಲು ಇಳಿಸಿ, ಆಮೇಲೆ ಪೇಟಿ ಬಾರಿಸಿ

ಪಿಯಾನೊದ ಒಂದು ಕೀ ಕೆಳಗಿಳಿಯಲು ಸುಮಾರು 50 ಗ್ರಾಂ ಭಾರ ಸಾಕು. ಅದು ಇಳಿಯುವ ಆಳ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಇಷ್ಟು ಸಣ್ಣ ಕೆಲಸಕ್ಕೆ ನಮ್ಮ ಮಕ್ಕಳು ಕುತ್ತಿಗೆ, ಹೆಗಲು, ಬೆನ್ನು, ದವಡೆ ಎಲ್ಲವನ್ನೂ ಬಿಗಿಹಿಡಿದು ಕೂರುತ್ತಾರೆ. ಧಾರವಾಡದ ಮಾಳಮಡ್ಡಿಯಲ್ಲಿ ಮನೆಯ ಪಡಸಾಲೆಯಲ್ಲೇ ಹಾರ್ಮೋನಿಯಂ ಮತ್ತು ಪಿಯಾನೊ ಕಲಿಸುವ ನನಗೆ ಇದು ದಿನನಿತ್ಯದ ನೋಟ. ಹೊಸ ಹುಡುಗ ಬಂದು ಕೂತು ಸ್ವಲ್ಪ ಹೊತ್ತಾಗಿರುವುದಿಲ್ಲ, ಹೆಗಲು ಕಿವಿಯತ್ತ ಏರುತ್ತವೆ, ಕಿರುಬೆರಳು ಗಾಳಿಯಲ್ಲಿ ನೆಟ್ಟಗೆ ನಿಲ್ಲುತ್ತದೆ, ಉಸಿರು ಕಟ್ಟುತ್ತದೆ. ಹಿಂದಿನ ಕುರ್ಚಿಯಲ್ಲಿ ಕೂತ ಅಪ್ಪ-ಅವ್ವನ ಕಣ್ಣಿಗೆ ಇದೇ ಏಕಾಗ್ರತೆ. "ಮನ್ಯಾಗ ಕೈ ನೋಯೂತನಕಾ ಬಾರಸ್ತಾನ್ರಿ ಅಕ್ಕೋರ" ಎಂದು ಹೆಮ್ಮೆಯಿಂದ ಹೇಳುತ್ತಾರೆ.

ಆ ಹೆಮ್ಮೆಯ ಮೇಲೆಯೇ ನನ್ನ ತಕರಾರು. ಕೈ ನೋಯುವತನಕ ಬಾರಿಸುವುದನ್ನು ನಾವು ತಪಸ್ಸು ಎಂದು ಕರೆಯುವುದನ್ನು ಬಿಡಬೇಕು. ಕೈ ನೋಯುತ್ತಿದೆ ಎಂದರೆ ಮಗು ಏನನ್ನೋ ತಪ್ಪಾಗಿ ಮಾಡುತ್ತಿದೆ, ಅಥವಾ ನಾವು ಅದನ್ನು ತಪ್ಪಾದ ಜಾಗದಲ್ಲಿ ಕೂರಿಸಿದ್ದೇವೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಇದ್ದ ಊರು ನಮ್ಮದು. ಇಲ್ಲಿನ ಯಾವುದೇ ಸಂಗೀತ ಸಭೆಯಲ್ಲಿ ಭಾಷಣಕ್ಕೆ ನಿಂತವರು ದೊಡ್ಡವರ ರಿಯಾಜಿನ ಕಥೆ ಹೇಳದೆ ಕೆಳಗಿಳಿಯುವುದಿಲ್ಲ. ನಸುಕಿನಲ್ಲಿ ಎದ್ದರು, ಇಷ್ಟು ತಾಸು ಕೂತರು, ಅಷ್ಟು ವರ್ಷ ದುಡಿದರು. ಕೇಳಿದ ಮಕ್ಕಳ ತಲೆಯಲ್ಲಿ ಉಳಿಯುವುದು ತಾಸಿನ ಲೆಕ್ಕ. ಆ ತಾಸುಗಳಲ್ಲಿ ಅವರು ಹೇಗೆ ಕೂತಿದ್ದರು, ಎಲ್ಲಿ ನಿಲ್ಲಿಸುತ್ತಿದ್ದರು, ದೇಹವನ್ನು ಹೇಗೆ ಕಾಪಾಡಿಕೊಂಡರು ಎಂಬುದನ್ನು ಯಾವ ಭಾಷಣಕಾರರೂ ಹೇಳಿದ್ದನ್ನು ನಾನು ಕೇಳಿಲ್ಲ.

ವಾದ್ಯದ ಒಳಗೆ ಏನಾಗುತ್ತದೆ ಎಂದು ತಿಳಿದರೆ ಅರ್ಧ ಬಿಗಿತ ತಾನೇ ಹೋಗುತ್ತದೆ. ಪಿಯಾನೊದಲ್ಲಿ ಕೀ ಒತ್ತಿದಾಗ ಒಳಗಿನ ಸುತ್ತಿಗೆ ತಂತಿಯತ್ತ ಚಿಮ್ಮುತ್ತದೆ. ತಂತಿಗೆ ತಾಗುವ ಕ್ಷಣಕ್ಕೂ ಮುಂಚೆಯೇ ಅದು ಕೀಯ ಹಿಡಿತದಿಂದ ಬಿಡಿಸಿಕೊಂಡಿರುತ್ತದೆ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಕ್ರಿಸ್ಟೊಫೊರಿ ಎಂಬಾತ ಕಂಡುಹಿಡಿದದ್ದು ಇದನ್ನೇ. ಬಿಡಿಸಿಕೊಳ್ಳದಿದ್ದರೆ ಸುತ್ತಿಗೆ ತಂತಿಗೆ ಅಂಟಿಕೊಂಡು ನಾದವನ್ನೇ ಕೊಲ್ಲುತ್ತಿತ್ತು. ಅಂದರೆ ನಾದ ದೊಡ್ಡದೋ ಸಣ್ಣದೋ ಎಂಬುದು ಕೀ ಎಷ್ಟು ವೇಗವಾಗಿ ಕೆಳಗಿಳಿಯಿತು ಎಂಬುದರಲ್ಲೇ ತೀರ್ಮಾನವಾಗಿ ಹೋಗುತ್ತದೆ. ತಳ ಮುಟ್ಟಿದ ಮೇಲೆ ನೀವು ಕಿಲೋಗಟ್ಟಲೆ ಭಾರ ಹೇರಿದರೂ ಸ್ವರಕ್ಕೆ ಅದು ಗೊತ್ತಾಗುವುದಿಲ್ಲ. ಗೊತ್ತಾಗುವುದು ನಿಮ್ಮ ಮಣಿಕಟ್ಟಿಗೆ ಮಾತ್ರ. ಕೀ ಮೇಲೇಳದಂತೆ ಹಿಡಿಯಲು ಬೆರಳಿನ ಸ್ವಂತ ಭಾರವೇ ಬೇಕಾದಷ್ಟಾಯಿತು.

ಹಾರ್ಮೋನಿಯಂ ವಿಷಯ ಇನ್ನೂ ವಿಚಿತ್ರ. ಅಲ್ಲಿ ಕೀ ಮಾಡುವ ಕೆಲಸ ಗಾಳಿಯ ಕಂಡಿ ತೆರೆಯುವುದು, ಅಷ್ಟೇ. ಕಂಡಿ ತೆರೆದರೆ ಗಾಳಿ ಹಿತ್ತಾಳೆಯ ರೀಡ್ ಮೇಲೆ ಹಾಯುತ್ತದೆ, ಸ್ವರ ಹುಟ್ಟುತ್ತದೆ. ಏರಿಳಿತವೆಲ್ಲ ತಿದಿ ಒತ್ತುವ ಎಡಗೈಯಲ್ಲಿದೆ. ಬಲಗೈ ಬೆರಳು ಮೆಲ್ಲಗೆ ಒತ್ತಿದರೂ ಗುದ್ದಿದರೂ ಬರುವ ಸ್ವರ ಒಂದೇ. ಆದರೂ ಭಜನಾ ಮಂಡಳಿಗಳಲ್ಲಿ, ಶಾಲೆಯ ಪ್ರಾರ್ಥನೆಯಲ್ಲಿ ಪೇಟಿಯವರ ಬಲಗೈ ನೋಡಿ: ಉಗುರಿನ ಬುಡ ಬೆಳ್ಳಗಾಗಿರುತ್ತದೆ, ಅಷ್ಟು ಒತ್ತು. ಎಡಗೈ ತಿದಿಯ ಮೇಲೆ, ಸೊಂಟ ಒಂದು ಕಡೆ ತಿರುಚಿ, ಮುಖ ಹಾಡುವವರ ಕಡೆ. ಹೀಗೆ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಮೂರು ತಾಸು ಸಾಥ್ ಕೊಟ್ಟು ಎದ್ದವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಮರುದಿನ ಹೆಗಲಿಗೆ ಹಚ್ಚುವ ಮುಲಾಮು ಮಾತ್ರ ಅವರದೇ ಖರ್ಚು.

ನಮ್ಮಜ್ಜ ನಾಟಕ ಕಂಪನಿಯ ಪೇಟಿ ಮಾಸ್ತರ. ಕಂಪನಿ ನಾಟಕಗಳಲ್ಲಿ ಇದ್ದದ್ದು ಕಾಲಿನಿಂದ ಗಾಳಿ ತುಂಬುವ ಲೆಗ್ ಹಾರ್ಮೋನಿಯಂ. ಕುರ್ಚಿಯ ಮೇಲೆ ಕೂತು, ಪಾದಗಳಿಂದ ತಿದಿ ತುಳಿಯುತ್ತ, ಎರಡೂ ಕೈಯಿಂದ ಬಾರಿಸಬಹುದಿತ್ತು. ರಾತ್ರಿ ಹತ್ತಕ್ಕೆ ನಾಂದಿ ಶುರುವಾದರೆ ಮಂಗಳ ಹಾಡುವ ಹೊತ್ತಿಗೆ ಕೋಳಿ ಕೂಗುತ್ತಿತ್ತು. ಅಷ್ಟು ಹೊತ್ತೂ ಅಜ್ಜ ಪೇಟಿಯ ಮುಂದೆಯೇ. ಮುಪ್ಪಿನಲ್ಲೂ ಅವನ ಬೆರಳು ಸರಾಗವಾಗಿ ಓಡುತ್ತಿದ್ದವು. ಅದರ ಗುಟ್ಟು ಯಾರೂ ಕೇಳಲಿಲ್ಲ, ಅವನೂ ದೊಡ್ಡ ಸಿದ್ಧಾಂತ ಹೇಳಲಿಲ್ಲ. ನನಗೆ ಕಲಿಸುವಾಗ ಅವನು ಪದೇಪದೇ ಹೇಳುತ್ತಿದ್ದ ಮಾತು, "ಸಡ್ಲ ಬಿಡವಾ ಕೈ, ಪೇಟಿ ಎಲ್ಲೂ ಓಡಿ ಹೋಗೂದುಲ್ಲ." ಈಗ ಯೋಚಿಸಿದರೆ ಆ ಕಾಲುಪೇಟಿಯ ರಚನೆಯೇ ಅವನ ಬೆನ್ನನ್ನು ಕಾಪಾಡಿತ್ತು ಅನಿಸುತ್ತದೆ. ಎರಡೂ ಪಾದ ಕೆಲಸದಲ್ಲಿ, ಬೆನ್ನು ನೇರ, ತೋಳುಗಳೆರಡೂ ಸಮ. ಪಿಯಾನೊ ಮುಂದೆ ಕೂರುವ ರೀತಿಯೂ ಇದೇ. ನೆಲದ ಮೇಲಿನ ಕೈಪೇಟಿ ಆಮೇಲಿನ ಅನುಕೂಲ. ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರಲ್ಲಿ ಕೈತಿದಿಯ ಹಾರ್ಮೋನಿಯಂ ತಯಾರಿಸಿದ್ದು, ಗಾಯಕರ ಜೊತೆ ನೆಲದಲ್ಲಿ ಕೂರಲಿ, ಒಯ್ಯಲು ಹಗುರಾಗಲಿ ಎಂದು. ಸಭೆಗೆ ಅದು ಒಗ್ಗಿತು. ಬೆನ್ನಿಗೆ ಒಗ್ಗಿತೇ ಎಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಇಲ್ಲೊಂದು ತಮಾಷೆ ಇದೆ. ಹಾರ್ಮೋನಿಯಂ ನಮ್ಮ ಸಂಗೀತಕ್ಕೆ ಸಲ್ಲುತ್ತದೋ ಇಲ್ಲವೋ ಎಂಬ ಜಗಳ ಈ ದೇಶದಲ್ಲಿ ದಶಕಗಟ್ಟಲೆ ನಡೆಯಿತು. ಗಮಕ ಬರುವುದಿಲ್ಲ, ಶ್ರುತಿ ಸರಿಯಿಲ್ಲ ಎಂದು 1940ರಲ್ಲಿ ಆಕಾಶವಾಣಿ ಅದಕ್ಕೆ ಬಾಗಿಲು ಮುಚ್ಚಿತು; ಮತ್ತೆ ಸ್ವಲ್ಪ ತೆರೆದದ್ದು 1971ರಲ್ಲಿ. ನಮ್ಮ ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ, ಅಂದರೆ ಬಹಿಷ್ಕಾರದ ನಡುಮಧ್ಯದಲ್ಲಿ. ಸ್ವರದ ಬಗ್ಗೆ ಇಷ್ಟು ಕೂದಲು ಸೀಳಿದ ನಾವು, ಅದನ್ನು ಬಾರಿಸುವ ಮನುಷ್ಯನ ತೋಳಿನ ಬಗ್ಗೆ ಒಂದು ಪುಟವನ್ನಾದರೂ ಬರೆದಿದ್ದರೆ ಚೆನ್ನಾಗಿತ್ತು.

ದೇಹದ ಲೆಕ್ಕ ಕೇಳಿ. ಬೆರಳುಗಳ ಒಳಗೆ ಅವನ್ನು ಮಡಿಸುವ ಸ್ನಾಯುಗಳೇ ಇಲ್ಲ. ಕೆಲವು ಸಣ್ಣ ಸ್ನಾಯುಗಳು ಅಂಗೈಯಲ್ಲಿವೆ. ಮಡಿಸುವ, ಎತ್ತುವ ದೊಡ್ಡ ಸ್ನಾಯುಗಳಿರುವುದು ಮೊಣಕೈಯಿಂದ ಮಣಿಕಟ್ಟಿನ ನಡುವೆ. ಅಲ್ಲಿಂದ ಉದ್ದನೆಯ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿ ಬೆರಳಿನ ತುದಿಗೆ ಹೋಗುತ್ತವೆ. ಮಡಿಸುವ ಸ್ನಾಯು ಕೆಲಸ ಮಾಡುವಾಗ ಎತ್ತುವ ಸ್ನಾಯು ಸುಮ್ಮನಿದ್ದರೆ ಬೆರಳು ಹಗುರ. ಎರಡೂ ಒಟ್ಟಿಗೆ ಎಳೆದಾಡಿದರೆ ಬೆರಳು ಅಲ್ಲಾಡುವುದಿಲ್ಲ, ಶಕ್ತಿ ಮಾತ್ರ ಖರ್ಚಾಗುತ್ತದೆ. ಬಿಗಿಹಿಡಿದ ಸ್ನಾಯುವಿನೊಳಗೆ ರಕ್ತ ಸರಿಯಾಗಿ ಹರಿಯದು. ಸ್ವಲ್ಪ ಹೊತ್ತಿಗೇ ಮುಂಗೈ ಉರಿಯುತ್ತದೆ. ಆ ಉರಿಯನ್ನು ಮಕ್ಕಳು 'ಪ್ರಾಕ್ಟೀಸ್ ಆತು' ಎಂಬ ಗುರುತೆಂದು ತಿಳಿಯುತ್ತಾರೆ.

ಉಂಗುರ ಬೆರಳಿನ ಕಥೆಯಂತೂ ಪೂರ್ತಿ ಅನ್ಯಾಯ. ಈ ಪತ್ರಿಕೆ ಓದುತ್ತಿರುವವರು ಈಗಲೇ ಅಂಗೈಯನ್ನು ಮೇಜಿನ ಮೇಲಿಡಿ, ನಡುಬೆರಳನ್ನು ಒಳಗೆ ಮಡಿಸಿ. ಈಗ ಹೆಬ್ಬೆರಳು ಎತ್ತಿ, ತೋರುಬೆರಳು ಎತ್ತಿ, ಕಿರುಬೆರಳು ಎತ್ತಿ, ಏಳುತ್ತವೆ. ಉಂಗುರ ಬೆರಳು ಮಾತ್ರ ಏಳುವುದಿಲ್ಲ. ಅದನ್ನು ಎತ್ತುವ ರಜ್ಜು ಕೈಯ ಹಿಂಬದಿಯಲ್ಲಿ ಅಕ್ಕಪಕ್ಕದ ಬೆರಳುಗಳ ರಜ್ಜುವಿಗೆ ಕೂಡಿಕೊಂಡಿದೆ. ದೇಹದ ರಚನೆಯೇ ಹೀಗಿರುವಾಗ "ನಾಲ್ಕನೇ ಬೆರಳು ವೀಕ್ ಐತಿ, ಇನ್ನಷ್ಟು ಎತ್ತಿ ಎತ್ತಿ ಬಾರಿಸು" ಎಂದು ಗದರುವ ಶಿಕ್ಷಕರು ಇಂದಿಗೂ ಇದ್ದಾರೆ. ಜರ್ಮನಿಯ ರಾಬರ್ಟ್ ಶೂಮನ್ ಪಿಯಾನೊ ವಾದಕನಾಗುವ ಆಸೆ ಬಿಟ್ಟು ಸಂಗೀತ ರಚನೆಗೆ ಪೂರ್ತಿ ತಿರುಗಿದ್ದು ಬಲಗೈ ಬೆರಳು ಕೈಕೊಟ್ಟ ಮೇಲೆ. ನಮ್ಮ ಕಾಲಕ್ಕೆ ಹತ್ತಿರದವರು ಅಮೆರಿಕದ ಲಿಯಾನ್ ಫ್ಲೈಶರ್. 1964ರ ಹೊತ್ತಿಗೆ, ಇನ್ನೂ ನಲವತ್ತು ತುಂಬದ ವಯಸ್ಸಿನಲ್ಲಿ, ಅವರ ಬಲಗೈಯ ಉಂಗುರ ಬೆರಳು, ಕಿರುಬೆರಳು ತಾವಾಗಿಯೇ ಒಳಗೆ ಮಡಚಿಕೊಳ್ಳತೊಡಗಿದವು. ಮೂವತ್ತು ವರ್ಷ ಅವರು ಎಡಗೈಗೆಂದೇ ಬರೆದ ಕೃತಿಗಳನ್ನು ನುಡಿಸಿದರು, ಪಾಠ ಹೇಳಿದರು. 1990ರ ದಶಕದಲ್ಲಿ ಚಿಕಿತ್ಸೆ ಫಲಿಸಿ ಮತ್ತೆ ಎರಡೂ ಕೈಯಿಂದ ನುಡಿಸಿದರು. ಅವರಿಗೆ ಬಂದದ್ದು ಬರೀ ಸ್ನಾಯುನೋವಲ್ಲ, ನರಮಂಡಲಕ್ಕೆ ಸೇರಿದ ತೊಂದರೆ. ಆದರೂ ಅತಿಯಾದ ತಪ್ಪು ಅಭ್ಯಾಸವೇ ತನ್ನನ್ನು ಅಲ್ಲಿಗೆ ತಂದಿತು ಎಂದು ಅವರು ನಂಬಿದ್ದರು.

ಇದೆಲ್ಲ ಪಶ್ಚಿಮದ ಮಾತು, ನಮ್ಮ ಪರಂಪರೆಯಲ್ಲಿ ಕಷ್ಟಪಡುವುದೇ ಸಾಧನೆ ಎನ್ನುವವರಿಗೆ ನಾನು ತೋರಿಸುವುದು ಶಾರ್ಙ್ಗದೇವನ ಸಂಗೀತ ರತ್ನಾಕರ. 13ನೇ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಸ್ಥಾನದಲ್ಲಿ ಹುಟ್ಟಿದ ಗ್ರಂಥ ಅದು. ಅದರಲ್ಲಿ ಗಾಯಕರ 25 ದೋಷಗಳ ಪಟ್ಟಿಯಿದೆ. ಹಲ್ಲು ಕಚ್ಚಿ ಹಾಡುವವನು ಸಂದಷ್ಟ. ಕತ್ತು ಕೊಂಕಿಸುವವನು ವಕ್ರೀ. ಮುಖ, ಕೊರಳಿನ ನರ ಉಬ್ಬಿಸಿ ಹಾಡುವವನು ಝೊಂಬಕ. ಬಿಗಿತವನ್ನು ನಮ್ಮ ಶಾಸ್ತ್ರವೇ ಹೆಸರಿಟ್ಟು ದೋಷ ಎಂದು ಕರೆದು ಎಂಟುನೂರು ವರ್ಷವಾಗುತ್ತ ಬಂತು. ಕೊರಳಿಗೆ ಹೇಳಿದ ಮಾತು ಬೆರಳಿಗೆ ಅನ್ವಯಿಸದೇ?

ಹಾಗಾದರೆ ಭೀಮಸೇನ ಜೋಶಿ? ಈ ಪ್ರಶ್ನೆ ಧಾರವಾಡದಲ್ಲಿ ಬಂದೇ ಬರುತ್ತದೆ. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯ, ವೇದಿಕೆಯ ಮೇಲೆ ಕೈ ಬೀಸುತ್ತ, ಮೈ ತಿರುಗಿಸುತ್ತ, ತಾನಿನ ಹಿಂದೆ ಇಡೀ ದೇಹವನ್ನೇ ಕಳಿಸುತ್ತ ಹಾಡಿದವರು. ಅಂಗಾಂಗ ಚಾಚಿ ಹಾಡುವವನನ್ನೂ ಶಾರ್ಙ್ಗದೇವ ದೋಷಿಗಳ ಪಟ್ಟಿಯಲ್ಲಿ ಸೇರಿಸಿದ್ದಾನೆ. ಎದುರು ಕೂತಿದ್ದರೆ ಜೋಶಿಯವರಿಗೂ ಒಂದೆರಡು ಅಂಕ ಕತ್ತರಿಸುತ್ತಿದ್ದನೇನೋ. ಆದರೆ ಆ ಮೈಯಲ್ಲಿ ಇದ್ದದ್ದು ಚಲನೆ. ಚಲಿಸುವ ಸ್ನಾಯು ಹಿಗ್ಗುತ್ತದೆ, ಕುಗ್ಗುತ್ತದೆ, ನಡುನಡುವೆ ವಿಶ್ರಾಂತಿ ಪಡೆಯುತ್ತದೆ. ಅಲ್ಲಾಡದೆ ಸೆಟೆದು ಕೂತ ಮಗು ನೋಡಲು ಎಷ್ಟೇ ಶಿಸ್ತಾಗಿ ಕಂಡರೂ ಒಳಗೆ ದಣಿಯುತ್ತಿರುತ್ತದೆ. ಪಿಯಾನೊ ಮುಂದೆ ಮೊಣಕೈ ತೂಗಲಿ, ಮೈ ವಾಲಲಿ, ನಾನು ಬೈಯುವುದಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಬೇಕು. ಸಿತಾರದ ಮನೆತನಗಳಿರುವ ಊರು ಇದು. ಸಿತಾರ ಕಲಿಯುವ ಹುಡುಗರ ಎಡಗೈ ಬೆರಳ ತುದಿಯಲ್ಲಿ ತಂತಿಯ ಗೆರೆ ಮೂಡಿ, ಚರ್ಮ ಗಟ್ಟಿಯಾಗುತ್ತದೆ. ಮೊದಮೊದಲು ಅದು ನೋಯಲೇಬೇಕು. ಚರ್ಮದ ನೋವು ಕೆಲವು ವಾರದಲ್ಲಿ ತಾನೇ ಮಾಯುತ್ತದೆ. ಮುಂಗೈಯ, ಹೆಗಲಿನ, ಮಣಿಕಟ್ಟಿನ ನೋವು ಹಾಗಲ್ಲ. ಸಹಿಸಿದಷ್ಟೂ ಬೇರು ಬಿಡುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ "ಎಲ್ಲಾರಿಗೂ ಆಗೂದ ಇದು" ಎಂದು ಬಿಡುವುದು ಅಪಾಯ.

ಪಾಲಕರಿಗೆ ಹೇಳಬೇಕಾದ್ದು ಬಹಳ ಸರಳ, ಮತ್ತು ಬಹುತೇಕ ಪೀಠೋಪಕರಣದ ವಿಷಯ. ಮಕ್ಕಳಿಗೆ ಕೀಬೋರ್ಡ್ ಕೊಡಿಸುತ್ತೀರಿ, ಸ್ಟ್ಯಾಂಡ್ ಕೊಡಿಸುವುದಿಲ್ಲ. ಅದು ಊಟದ ಮೇಜಿನ ಮೇಲೆ ಕೂರುತ್ತದೆ. ಊಟದ ಮೇಜಿನ ಎತ್ತರ ಸುಮಾರು 75 ಸೆಂಟಿಮೀಟರ್. ಅದರ ಮೇಲೆ ಕೀಬೋರ್ಡಿನ ದಪ್ಪ ಸೇರಿದರೆ 80 ದಾಟುತ್ತದೆ. ನಿಜವಾದ ಪಿಯಾನೊದ ಕೀಗಳು ನೆಲದಿಂದ 72-73 ಸೆಂಟಿಮೀಟರ್ ಎತ್ತರದಲ್ಲಿರುತ್ತವೆ, ಅದೂ ದೊಡ್ಡವರ ಅಳತೆಗೆ. ಎಂಟು ವರ್ಷದ ಹುಡುಗಿ ಆ ಮೇಜಿನ ಮುಂದೆ ಕೂತರೆ ಹೆಗಲು ಏರಿಸದೆ ಕೈ ಎಟುಕುವುದೇ ಇಲ್ಲ. ಆಮೇಲೆ ನನ್ನ ಬಳಿ ಬಂದು "ಆಕಿ ಹೆಗಲು ಯಾಕ ಏರಸ್ತಾಳ್ರಿ" ಎಂದು ಕೇಳುತ್ತೀರಿ. ಮಂಚದ ಮೇಲೆ ಕೀಬೋರ್ಡ್ ಇಟ್ಟು ಮುಂದಕ್ಕೆ ಬಾಗಿ ಬಾರಿಸುವವರದು ಇದರ ತದ್ವಿರುದ್ಧ ಸಂಕಟ, ಅವರ ಕತ್ತು ಹೋಗುತ್ತದೆ. ಕೂತಾಗ ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು. ಬರದಿದ್ದರೆ ಕುರ್ಚಿಯ ಮೇಲೆ ದಿಂಬು ಹಾಕಿ. ಕಾಲು ನೇತಾಡಬಾರದು, ಪಾದದ ಕೆಳಗೆ ಅಡುಗೆಮನೆಯ ಮಣೆ ಇಡಿ. ಆಧಾರವಿಲ್ಲದ ಕಾಲಿನ ಭಾರವನ್ನೆಲ್ಲ ಸೊಂಟ ಹೊರುತ್ತದೆ, ಸೊಂಟ ಬಿಗಿದರೆ ಹೆಗಲು ಬಿಗಿಯುತ್ತದೆ. ಮಣೆಯೊಂದರಿಂದ ಸರಿಹೋದ ಕೈಗಳನ್ನು ನಾನು ಕಂಡಿದ್ದೇನೆ. ಕೀಬೋರ್ಡನ್ನು ಒಂದೇ ಹೆಗಲಿಗೆ ನೇತುಹಾಕಿಕೊಂಡು ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ನಿಂತೇ ಬರುವ ಹುಡುಗರಿಗೆ ಬಂದ ತಕ್ಷಣ ಪಾಠ ಶುರು ಮಾಡುವುದಿಲ್ಲ. ಮೊದಲು ನೀರು, ಆಮೇಲೆ ತೋಳು ಬೀಸುವುದು.

ಪಾಠದಲ್ಲಿ ನಾನು ಮಾಡಿಸುವುದೂ ಗುಟ್ಟಿನ ವಿದ್ಯೆಯೇನಲ್ಲ. ತೋಳುಗಳನ್ನು ಎರಡೂ ಬದಿಗೆ, ಹಗ್ಗಕ್ಕೆ ಹಾಕಿದ ಒದ್ದೆ ಪಂಚೆ ಜೋತುಬಿದ್ದ ಹಾಗೆ, ಜೋತುಬಿಡಬೇಕು. ಹಾಗೆ ಬಿಟ್ಟಾಗ ಬೆರಳು ತಾವಾಗಿ ಒಳಗೆ ಸ್ವಲ್ಪ ಬಾಗಿರುತ್ತವೆ. ಆ ಬಾಗನ್ನು ಕೆಡಿಸದೆ ಕೈಯನ್ನು ಕೀಗಳ ಮೇಲೆ ತಂದಿಡಬೇಕು. ಅದೇ ಸರಿಯಾದ ಹಸ್ತ, ಬೇರೆ ಭಂಗಿ ಬೇಡ. ಬಾರಿಸುತ್ತಿರುವಾಗ ಅವರ ಮೊಣಕೈ ಕೆಳಗೆ ನನ್ನ ಎರಡು ಬೆರಳಿಟ್ಟು ಎತ್ತುತ್ತೇನೆ. ತೋಳಿನ ಭಾರ ನನ್ನ ಬೆರಳಿಗೆ ಸಿಕ್ಕರೆ ಅವರು ಸಡಿಲವಾಗಿದ್ದಾರೆ. ತೋಳು ಮೊದಲೇ ತಾನಾಗಿ ಮೇಲೆ ನಿಂತಿದ್ದರೆ ನಿಲ್ಲಿಸಿಬಿಡುತ್ತೇನೆ. ಒಂದೊಂದು ಸಾಲು ಮುಗಿದಾಗ ಉಸಿರು ಹೊರಗೆ ಬಿಡಬೇಕು. ಜೋರಾಗಿ ಎಣಿಸುತ್ತ ಬಾರಿಸಿದರೆ ಉಸಿರು ಕಟ್ಟಲು ಆಗುವುದೇ ಇಲ್ಲ. ಹೊಸ ಪಾಠವನ್ನು ವಿಲಂಬಿತದಲ್ಲಿ, ಪ್ರತಿ ಸ್ವರದ ನಂತರ ಬೆರಳನ್ನು ಸಡಿಲಗೊಳಿಸುತ್ತ ನುಡಿಸಬೇಕು. ವೇಗ ಏರಿಸಿದಾಗ ಬಿಗಿತ ಬಂದರೆ ವೇಗವನ್ನು ಇಳಿಸಬೇಕು. ಬಿಗಿತದೊಂದಿಗೇ ಕಲಿತ ವೇಗ ಪರೀಕ್ಷೆಯ ದಿನ ಕೈಬಿಡುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಓಡಾಡಬೇಕು. ಆಷಾಢದ ಜಿಟಿಜಿಟಿ ಮಳೆಯಲ್ಲಿ ತಣ್ಣಗಾದ ಬೆರಳನ್ನು ಬಿಸಿನೀರಲ್ಲಿ ಅದ್ದಿ, ಒರೆಸಿಕೊಂಡು ಕೂರಬೇಕು.

ಇಷ್ಟಾದರೂ ನೋವು ನಿಲ್ಲದಿದ್ದರೆ ಸಂಗೀತ ಶಿಕ್ಷಕಿಯ ಅಧಿಕಾರ ಅಲ್ಲಿಗೆ ಮುಗಿಯಿತು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ಕಿರುಬೆರಳು ಜೋಮಾದರೆ ಮೊಣಕೈಯ ಕಡೆ ನೋಡಬೇಕು. ಎಣ್ಣೆ ತಿಕ್ಕಿಸುವುದು, ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಬಾರಿಸುವುದು, ನೋವಿನ ಗುಳಿಗೆ ನುಂಗಿ ಕಾರ್ಯಕ್ರಮ ಮುಗಿಸುವುದು ಇವೆಲ್ಲ ವೈದ್ಯರ ಹತ್ತಿರ ಹೋಗುವುದನ್ನು ಮುಂದೂಡುವ ದಾರಿಗಳು. ಇದು ಬರೀ ವಾದ್ಯದವರ ಗೋಳೂ ಅಲ್ಲ. ಸಪ್ತಾಪುರದ ಓಣಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಸಾವಿರಾರು ಹುಡುಗರು ಪೆನ್ನನ್ನು ಎಷ್ಟು ಬಿಗಿಯಾಗಿ ಹಿಡಿದು ಉತ್ತರ ಬರೆಯುತ್ತಾರೆ ಎಂದು ಯಾವುದಾದರೂ ವಾಚನಾಲಯಕ್ಕೆ ಹೋಗಿ ನೋಡಿ. ಅದೇ ಮುಂಗೈ, ಅದೇ ಉರಿ.

ಈಗ ಪರೀಕ್ಷೆಗಳ ಮಾತು. ಲಂಡನ್ನಿನ ಟ್ರಿನಿಟಿ ಪರೀಕ್ಷೆಗೆ ಎಂಟು ಗ್ರೇಡು, ನಮ್ಮ ಗಂಧರ್ವ ಮಹಾವಿದ್ಯಾಲಯದ್ದಕ್ಕೆ ಪ್ರಾರಂಭಿಕದಿಂದ ವಿಶಾರದದವರೆಗೆ ಮೆಟ್ಟಿಲು. ವರ್ಷಕ್ಕೊಂದು ಮೆಟ್ಟಿಲು ಹತ್ತಲೇಬೇಕು ಎಂದು ಪಾಲಕರು ಹಟ ಹಿಡಿಯುತ್ತಾರೆ. ಗ್ರೇಡು ಪರೀಕ್ಷೆಯಲ್ಲಿ ಸ್ಕೇಲಿಗೆ ಅಂಕ, ಕೃತಿಗೆ ಅಂಕ. ಕೂರುವ ರೀತಿಗೆ, ಹೆಗಲ ಸಡಿಲಕ್ಕೆ ಪ್ರತ್ಯೇಕ ಅಂಕವಿಲ್ಲ. ಅಂಕವಿಲ್ಲದ್ದನ್ನು ಕಲಿಸಲು ವೇಳೆ ಯಾರಿಗಿದೆ? ಪರೀಕ್ಷೆಗೆ ತಿಂಗಳಿದೆ ಎನ್ನುವಾಗ ದಿನಕ್ಕೆ ಅರ್ಧ ತಾಸು ಬಾರಿಸುತ್ತಿದ್ದ ಮಗು ಒಮ್ಮೆಲೇ ಮೂರು ತಾಸಿಗೆ ಜಿಗಿಯುತ್ತದೆ. ಮಳೆಗಾಲದ ನೆಗಡಿಯಂತೆ ಆ ತಿಂಗಳಲ್ಲಿ ಕೈನೋವು ಬರುವುದು ಸಹಜ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ. ನಾನು ಒಪ್ಪುವುದಿಲ್ಲ. ಕೈ ನೋಯುವ ಮಗುವನ್ನು ಆ ಸಲ ಪರೀಕ್ಷೆಗೆ ಕೂರಿಸುವುದಿಲ್ಲ. ಇದರಿಂದ ಬೇಸತ್ತು ಬೇರೆ ಕಡೆ ಸೇರಿಸಿದವರೂ ಇದ್ದಾರೆ. ಸೇರಿಸಲಿ.

ನಮ್ಮೂರಲ್ಲಿ ಬೇಕಾದ್ದೆಲ್ಲ ಇದೆ, ಒಂದಕ್ಕೊಂದು ಪರಿಚಯವಿಲ್ಲ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯವಿದೆ. ಹುಬ್ಬಳ್ಳಿಯ ಉಣಕಲ್ಲಿನ ಹತ್ತಿರ ಗಂಗೂಬಾಯಿ ಹಾನಗಲ್ ಗುರುಕುಲವಿದೆ. ಇವೆರಡರ ನಡುವೆ, ಸತ್ತೂರಿನಲ್ಲಿ, ಎಸ್‌ಡಿಎಂ ಫಿಸಿಯೊಥೆರಪಿ ಕಾಲೇಜಿದೆ. ಹೊಸ ವರ್ಷದ ಪ್ರವೇಶ ಮುಗಿದ ಕೂಡಲೇ ಫಿಸಿಯೊಥೆರಪಿಯ ಶಿಕ್ಷಕರು, ವಿದ್ಯಾರ್ಥಿಗಳು ಸಂಗೀತದ ಮಕ್ಕಳ ಎದುರು ಒಂದು ದಿನ ಕೂರಲಿ. ಅವರು ಹೇಗೆ ಪೇಟಿ ಹಿಡಿಯುತ್ತಾರೆ, ತಬಲಾದ ಮುಂದೆ ಹೇಗೆ ಬಾಗುತ್ತಾರೆ, ತಂಬೂರಿಯನ್ನು ಯಾವ ಹೆಗಲಿಗೆ ಒರಗಿಸುತ್ತಾರೆ ಎಂದು ನೋಡಿ ತಿದ್ದಲಿ. ಮನೆಪಾಠದ ನಮ್ಮಂಥವರನ್ನೂ ಕರೆಯಲಿ, ನಾವು ಮಕ್ಕಳನ್ನು ಕರೆದುಕೊಂಡು ಬರುತ್ತೇವೆ. ಇದಕ್ಕೆ ಅನುದಾನ ಬೇಡ, ಉದ್ಘಾಟನೆ ಬೇಡ, ಶಾಲು-ಹಾರ ಮೊದಲೇ ಬೇಡ. ಸತ್ತೂರಿನಿಂದ ಎರಡೂ ಕಡೆಗೆ ಚಿಗರಿ ಬಸ್ಸಿದೆ, ಯಾವ ಕಡೆಗೂ ಬಹಳ ಹೊತ್ತಿನ ದಾರಿಯಲ್ಲ. ದಿನ ಗೊತ್ತು ಮಾಡಿ.